ಹೊರಗಿನ ಚಿಲಕ

ದಾನವ್ವ ಬಿಳಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತಿರುವಿ, ಬಾಟಲಿಯನ್ನು ಅಂಗೈ ಮೇಲೆ ತಟ್ಟಿದಳು. ಬಿದ್ದ ಅಡಿಕೆ ಹೋಳನ್ನು ದವಡೆಗೆ ಸೇರಿಸಿ ಮತ್ತೆ ಮುಚ್ಚಳ ಬಿಗಿದಳು. ಎದುರಿಗೆ ಕೂತು ಜೀನ್ಸ್ ಪ್ಯಾಂಟುಗಳ ಹೊಲಿಗೆಯಿಂದ ಇಳಿಬಿದ್ದ ದಾರ ಕತ್ತರಿಸುತ್ತಿದ್ದ ಸೊಸೆ ಮಹಾದೇವಿಯ ಕೈ ನಿಂತಿತು.

ಬಾಟಲಿಯ ಮೈಮೇಲೆ ಲೇಬಲ್ ಇರಲಿಲ್ಲ, ಅಂಟಿನ ಕಲೆ ಇತ್ತು. ಆ ಲೇಬಲ್ಲನ್ನು ಉಗುರಿನಿಂದ ಕೆರೆದು ತೆಗೆದವಳು ಮಹಾದೇವಿಯೇ. ತಿಂಗಳಿಗೊಮ್ಮೆ ಆಸ್ಪತ್ರೆಯಿಂದ ಬಾಟಲಿ ಬಂದ ದಿನ ಅವಳ ಮೊದಲ ಕೆಲಸ ಅದು.

"ಅತ್ತಿ, ಆ ಬಾಟ್ಲಿ ಎಲ್ಲಿ ಸಿಕ್ತು?"

"ಎಲ್ಲಿ ಸಿಗತೈತಿ, ದೇವರ ಫೋಟೋ ಹಿಂದ. ನಾ ಬಂದ ವಾರದಾಗ. ಛಲೋ ಐತಿ, ಅಡಕಿ ಮೆತ್ತಗಾಗೂದಿಲ್ಲ." ಇಷ್ಟು ದಿನ ಅದು ಅವಳ ಎಲೆ-ಅಡಿಕೆಯ ಚಂಚಿಯೊಳಗೆ ಕಾಣದಂತೆ ಇತ್ತು. ಇವತ್ತು ಚಂಚಿ ಒಗೆದು ಚಾಳಿನ ಗ್ಯಾಲರಿಯ ತಂತಿಗೆ ಹಾಕಿದ್ದಳು.

"ಒಳಗ ಗುಳಿಗಿ ಇದ್ದೂವಲ್ಲ?"

"ಮೋರ್ಯಾಗ ಸುರುವಿ ನೀರ ಹೊಯ್ದೀನಿ." ದಾನವ್ವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇವು ಎದರ ಗುಳಿಗಿ ಅಂತ ಶರಣೂನ್ನ ಕೇಳಿದೆ. ನಿನ್ನವು ಅಂದ. ಮಕ್ಕಳಾಗಬಾರ್ದಂತ ನುಂಗತಾಳ ಅಂದ. ಅಲ್ಲವಾ, ಪ್ಯಾಟ್ಯಾಗ ಹುಟ್ಟಿದಾಕಿ ಅಲ್ಲ ನೀ, ಇಂಡಿ ತಾಲೂಕಿನಾಕಿ. ಯಾರು ಕಲಿಸಿದ್ರು ನಿನಗ ಇದನ್ನ? ಅಕ್ಕಿ ಡಬ್ಬ್ಯಾಗ ಹುಗದಿಟ್ಟಿದ್ದ ಪಾಕೀಟನೂ ನಿನ್ನೆ ಒಗದೆ. ಸೊಸೀಗೆ ಅನ್ನಬಾರದು ಅಂತ ಸುಮ್ಮನಿದ್ದೆ. ನೀನ ಕೇಳಿದಿ, ಹೇಳಿದೆ."

ಮಹಾದೇವಿ ಗಂಡನ ಕಡೆ ನೋಡಿದಳು. ಶರಣು ಗೋಡೆಗೊರಗಿ ರೊಟ್ಟಿ ಮುರಿಯುತ್ತಿದ್ದ. ಝುಣಕದೊಳಗಿನ ಹಸಿಮೆಣಸಿನಕಾಯಿಯನ್ನು ಬೆರಳಿನಿಂದ ಬೇರ್ಪಡಿಸಿ ತಟ್ಟೆಯ ಅಂಚಿಗಿಟ್ಟ. ತಲೆ ಎತ್ತಲಿಲ್ಲ.

ಅವನು ರಾತ್ರಿ ವಾಶಿ ಮಾರ್ಕೆಟ್ಟಿನಿಂದ ಕುರ್ಲಾಕ್ಕೆ ತರಕಾರಿ ಟೆಂಪೋ ಹೊಡೆಯುತ್ತಿದ್ದ. ಕಳೆದ ವರ್ಷ ಕೆಮ್ಮು ನಿಲ್ಲದೆ ಆಸ್ಪತ್ರೆಗೆ ಹೋದಾಗ ಟಿಬಿ ಎಂದರು. ಟಿಬಿ ಬಂದವರಿಗೆಲ್ಲ ಮಾಡುವಂತೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿದರು. ಅದೂ ಇತ್ತು. "ಮದುವಿಗಿಂತ ಮೊದಲಿಂದು," ಎಂದಷ್ಟೇ ಅವನು ಹೇಳಿದ್ದ. ಮಹಾದೇವಿಯ ರಕ್ತದಲ್ಲಿ ಇರಲಿಲ್ಲ. ಅಲ್ಲಿನ ಕೌನ್ಸೆಲರ್ ಮಾಧುರಿ ಮೇಡಂ ಧಾರವಾಡದ ಕಡೆಯವಳು. ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು. ಅವನು ದಿನವೂ ತಪ್ಪದೆ ಗುಳಿಗೆ ನುಂಗಬೇಕು. ನುಂಗುತ್ತ ಹೋದರೆ ವೈರಸ್ ಅಡಗುತ್ತದೆ. ಅಡಗಿದೆ ಎಂದು ರಕ್ತಪರೀಕ್ಷೆಯಲ್ಲಿ ಕಂಡ ಮೇಲೆ ಹೆಂಡತಿಗೆ ತಗಲುವುದಿಲ್ಲ, ಮಗುವಿನ ಯೋಚನೆಯನ್ನೂ ಮಾಡಬಹುದು. ಅಲ್ಲಿಯವರೆಗೆ ಕಾಂಡೋಮ್ ಬಿಡಬಾರದು. ನಡುವೆ ಗುಳಿಗೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಅದು ಮತ್ತೆ ಏಳುತ್ತದೆ. ಆ ರಕ್ತಪರೀಕ್ಷೆಯ ದಿನ ಹತ್ತಿರ ಬಂದಿತ್ತು. ಮಹಾದೇವಿ ಅದಕ್ಕಾಗಿ ಹಬ್ಬಕ್ಕೆ ಕಾದಂತೆ ಕಾದಿದ್ದಳು.

ಅಷ್ಟರಲ್ಲಿ ವಿಜಯಪುರದಿಂದ ಮುಂಬೈಗೆ ದಾನವ್ವ ಬಂದಳು.

"ಶುಕ್ರವಾರ ನಿನಗ ಉಡಿ ತುಂಬತೀನಿ," ಎನ್ನುತ್ತ ದಾನವ್ವ ಎದ್ದಳು. ಶೆಲ್ಫಿನ ಮೇಲೆ ಊರಿಂದ ತಂದ ಖಣ, ಉತ್ತತ್ತಿ, ಅರಿಷಿಣ ಕೊನೆ, ಅಕ್ಕಿಯ ಗಂಟು ಸಾಲಾಗಿದ್ದವು. "ಮುಂದಿನ ಸಲ ಬಂದಾಗ ತೊಟ್ಟಿಲಾ ಕಟ್ಟೂಹಂಗ ಆಗಲಿ."

ಮಧ್ಯಾಹ್ನದ ಊಟವಾದ ಕೂಡಲೇ ಚಾಪೆ ಸುತ್ತಿಕೊಂಡು ಪಕ್ಕದ ನಾಗರತ್ನಾಳ ಖೋಲಿಗೆ ಹೋಗುವುದು ಅವಳು ತಾನಾಗಿ ಮಾಡಿಕೊಂಡ ನಿಯಮ. ಇದ್ದದ್ದು ಒಂದೇ ಖೋಲಿ. ಮಗ ಮನೆಯಲ್ಲಿರುವುದು ಹಗಲಷ್ಟೇ. ಹೋಗುವಾಗ ಹೊರಗಿನ ಚಿಲಕ ಹಾಕುತ್ತಿದ್ದಳು. ಚಾಳಿನ ಮಕ್ಕಳು ಚೆಂಡು ಹುಡುಕುತ್ತ ಯಾವ ಬಾಗಿಲನ್ನಾದರೂ ದೂಡಿಬಿಡುತ್ತವೆ. ಒಳಗಿನಿಂದ ಹಾಕಿಕೊಂಡರೆ ಹಾಡಹಗಲೇ ಏನು ನಡೆದಿದೆ ಎಂದು ಗ್ಯಾಲರಿಯೆಲ್ಲ ನಗುತ್ತದೆ. ಹೊರಗೆ ಚಿಲಕ ಕಂಡರೆ ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡು ಹೋಗುತ್ತಾರೆ. ಇದು ದಾನವ್ವಳ ಲೆಕ್ಕಾಚಾರ.

ಚಿಲಕ ಬಿದ್ದ ಸದ್ದಾಯಿತು. ಹೊರಗೆ ನಾಗರತ್ನಾಳ ದನಿ ಕೇಳಿಸಿತು: "ಅಜ್ಜಿಗೆ ವಾಚ್‌ಮನ್ ಡ್ಯೂಟಿ ಮುಗೀತಾ?"

"ಪಗಾರ ಯಾರು ಕೊಡ್ತಾರವಾ, ಮೊಮ್ಮಗನ ಕೊಡಬೇಕು."

ಇಬ್ಬರೂ ನಕ್ಕರು. ಒಳಗೆ ಶರಣು ಖೋಲಿಯ ಮೂಲೆಯ ಮೋರಿಯಲ್ಲಿ ಕೈ ತೊಳೆದುಕೊಂಡ.

"ಗುಳಿಗಿ ಟೆಂಪೋದಾಗ ಇಟ್ಟೀನಿ ಅಂದಿದ್ರಿ," ಎಂದಳು ಮಹಾದೇವಿ.

"ಹೂಂ."

"ಅತ್ತಿ ಬಂದಾಗಿಂದ ಒಂದೂ ನುಂಗಿಲ್ಲ?"

"ಏನ್ ಮಾಡ್ಲಿ? ಬಾಟ್ಲಿ ಮುಂದ ಹಿಡದು ಕೇಳಿದ್ಲು. ಬಾಯಿಗೆ ಬಂದದ್ದು ಅಂದೆ."

"ನನ್ನ ಹೆಸರು ಬಂತು."

"ಬೈದಿಲ್ಲಲ್ಲ ನಿನಗ."

"ಬ್ಯಾರೆ ಬಾಟ್ಲಿ ತರಬೇಕಿತ್ತು. ದವಾಖಾನ್ಯಾಗ ಕೇಳಿದ್ರ ಕೊಡ್ತಿದ್ರು."

"ಕೊಡ್ತಾರ. ಎಲ್ಲಿಡ್ಲಿ? ಹಗಲು ಅದ ಟೆಂಪೋ ಬಂಡೆಪ್ಪ ಹೊಡೀತಾನ. ನಮ್ಮ ಓಣಿಯಾವ. ಅವ ಒಂದು ಗುಳಿಗಿ ನೋಡಿದ್ರ ನಾಳಿಗೆ ಊರಾಗ ಸುದ್ದಿ." ಅವನು ಟವೆಲಿಗೆ ಮುಖ ಒರೆಸಿಕೊಂಡ. "ಅವ್ವ ಹೋಗಲಿ. ಹೋದ ಮರುದಿನ ಶುರು ಮಾಡ್ತೀನಿ."

"ಅತ್ತಿ ಯಾವಾಗ ಹೋಗ್ತಾರ?"

"ನಿನಗ ಮುಟ್ಟು ನಿಂತ ಮ್ಯಾಲ ಹೋಗ್ತೀನಿ ಅಂದಾಳ."

ಅವನು ಹಾಸಿಗೆ ಬಿಡಿಸಿ ಮಲಗಿದ. ಸ್ವಲ್ಪ ಹೊತ್ತಿನ ಮೇಲೆ ಅವಳ ಸೆರಗಿನ ತುದಿ ಹಿಡಿದ. "ಬಾ."

"ಪಾಕೀಟ ಇಲ್ಲ."

"ಗೊತ್ತೈತಿ. ಅವ್ವಗೂ ಒಂದು ಆಸೆ. ನಿನಗಿಲ್ಲೇನು?"

ಅವಳಿಗೂ ಇತ್ತು. ಅದು ಅವನಿಗೆ ಗೊತ್ತಿತ್ತು.

"ಇಷ್ಟ ದಿನ ನಿನಗ ಏನರ ಆಗೇತೇನು? ಇನ್ನೇನ ಆಗತೈತಿ."

"ಗುಳಿಗಿ, ಪಾಕೀಟ ಎರಡೂ ಇದ್ದೂವು. ಅದಕ್ಕ ಆಗಿಲ್ಲ."

"ಹೇಂತಿ ಆಗಿ ಒಲ್ಲೆ ಅಂತೀಯೇನು?" ಅವನು ದನಿ ಏರಿಸಲಿಲ್ಲ. ಸೆರಗನ್ನೂ ಬಿಡಲಿಲ್ಲ.

ಮಹಾದೇವಿ ಸೆರಗನ್ನು ಎಳೆದುಕೊಂಡು ಬಾಗಿಲ ಬಳಿ ಹೋದಳು. ಎಳೆದಳು. ಬಾಗಿಲು ಬೆರಳಿನಷ್ಟು ಸರಿದು ಚಿಲಕಕ್ಕೆ ತಾಗಿ ನಿಂತಿತು. ಆ ಸಂದಿಯಲ್ಲಿ ಗ್ಯಾಲರಿಯ ಕಟಕಟೆ, ತಂತಿಯ ಮೇಲಿನ ಒದ್ದೆ ಚಂಚಿ, ಯಾರದೋ ಶಾಲೆಯ ಸಾಕ್ಸು ಕಂಡವು. ಕಿಟಕಿಗೆ ಸರಳಿತ್ತು, ಅದರ ಕೆಳಗೆ ಸಂಜೆಯೊಳಗೆ ಮುಗಿಸಬೇಕಾದ ಪ್ಯಾಂಟುಗಳ ರಾಶಿ.

"ಕೂಗಬ್ಯಾಡ," ಎಂದ ಶರಣು. ಎದ್ದು ಕೂತಿದ್ದ. "ಏನಂತ ಹೇಳ್ತಿ? ಸಿದ್ಧರಾಮನ ಮ್ಯಾಲ ಆಣಿ ಮಾಡೀದಿ."

ಮಾಡಿದ್ದಳು. ಆಸ್ಪತ್ರೆಯಿಂದ ಬಂದ ದಿನ, ಇದೇ ದೇವರ ಫೋಟೋದ ಮುಂದೆ, ಅವನು ಅಳುತ್ತ ಅವಳ ಕೈ ಹಿಡಿದು, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಇಡಿಸಿಕೊಂಡಿದ್ದ. ಆಣೆ ಇರದಿದ್ದರೂ ಹೇಳುವುದು ಸುಲಭವಿರಲಿಲ್ಲ. ಗಂಡನಿಗೆ ಈ ರೋಗವಂತೆ ಎಂದರೆ ಊರು ಮೊದಲು ಕೇಳುವುದು, ಹೆಂಡತಿ ಎಂಥವಳು ಎಂದು. ಇಂಡಿಯಲ್ಲಿ ಅಣ್ಣನ ಮನೆಯಿತ್ತು. ಅಲ್ಲಿ ಹಬ್ಬದ ಎರಡು ದಿನಕ್ಕಿಂತ ಹೆಚ್ಚು ಉಳಿದರೆ ಅತ್ತಿಗೆ ಪಾತ್ರೆಗಳನ್ನು ಜೋರಾಗಿ ಇಡತೊಡಗುತ್ತಿದ್ದಳು.

"ಬಾಗಲಾ ಬಿಟ್ಟು ಇತ್ತ ಬಾ," ಎಂದ ಶರಣು.

ಅವಳು ಅಂಗೈಯಿಂದ ಬಾಗಿಲು ಬಡಿದಳು. ಆ ಹೊತ್ತಿಗೇ ಲೋಕಲ್ ರೈಲು ಹಾದುಹೋಯಿತು. ಸದ್ದು ಅದರಲ್ಲಿ ಮುಳುಗಿತು. ಅದು ಹೋಗುವವರೆಗೆ ಕಾದು, ದಾರ ಕತ್ತರಿಸುವ ಕತ್ತರಿಯ ಹಿಡಿಯಿಂದ ಬಡಿದಳು. ಗ್ಯಾಲರಿಯಲ್ಲಿ ಆಡುತ್ತಿದ್ದ ಮಕ್ಕಳ ಗಲಾಟೆ ನಿಂತಿತು.

"ಎಂತ ಆಯ್ತು ಮಾರಾಯ್ತಿ?" ನಾಗರತ್ನಾ ಚಿಲಕ ತೆಗೆದಳು. "ಗಂಡ ಕಚ್ಚಿದನಾ?"

ಎದುರು ಖೋಲಿಯಲ್ಲಿ ಯಾರೋ ಕಿಸಕ್ಕೆಂದರು. ಮಹಾದೇವಿ ನಗಲಿಲ್ಲ. "ನಾಗರತ್ನಕ್ಕ, ಅತ್ತೀನ ಕಳಸ್ರಿ."

ದಾನವ್ವ ಚಾಪೆಯ ಸಮೇತ ಬಂದಳು. ನಿದ್ದೆಯ ಮಂಪರು ಹರಿದಿರಲಿಲ್ಲ. ಅವಳು ಒಳಗೆ ಕಾಲಿಟ್ಟ ಮೇಲೆ ಮಹಾದೇವಿ ಬಾಗಿಲು ಮುಚ್ಚಿ, ಒಳಗಿನ ಚಿಲಕ ಹಾಕಿದಳು.

"ಯಾಕವಾ, ಜಗಳಾ ಏನು?"

"ಬಾಟ್ಲಿ ಕೊಡ್ರಿ ಅತ್ತಿ."

ದಾನವ್ವ ಸೊಂಟದಿಂದ ಬಾಟಲಿ ತೆಗೆದು, ಅಡಿಕೆ ಕೇಳುತ್ತಾಳೆಂದುಕೊಂಡು ಮುಚ್ಚಳ ತಿರುವಿ ಕೊಟ್ಟಳು. ಮಹಾದೇವಿ ಅಡಿಕೆಯನ್ನೆಲ್ಲ ಗಂಡ ಉಂಡಿಟ್ಟ ತಟ್ಟೆಯ ಪಕ್ಕ ಒಂದು ಬಟ್ಟಲಿಗೆ ಸುರಿದಳು. ಮೋರಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಾಟಲಿ ತೊಳೆದಳು. ಒಳಗೆ ಬೆರಳು ಹಾಕಿ ತಿಕ್ಕಿದಳು.

"ಆ ಗುಳಿಗಿ ನನ್ನವಲ್ಲರಿ," ಎಂದಳು, ಹಿಂದಿರುಗಿ ನೋಡದೆ.

"ಮತ್ಯಾರವು?"

ಮಹಾದೇವಿ ಬಾಟಲಿಗೆ ನೀರು ತುಂಬಿ ಕುಲುಕಿ ಚೆಲ್ಲಿದಳು. ನೀರು ಹರಿದು ಹೋಗುವ ಸದ್ದು ಇತ್ತು. ಶರಣು ಗೋಡೆಯ ಕಡೆ ಹೊರಳಿ ಮಲಗಿದ. ಬನಿಯನ್ನಿನೊಳಗೆ ಅವನ ಹೆಗಲಿನ ಎಲುಬುಗಳು ಎದ್ದು ಕಾಣುತ್ತಿದ್ದವು. ಮುಂಬೈ ನೀರು ಮಗನ ಮೈಗೆ ಹತ್ತಿಲ್ಲ ಎಂದು ಬಂದಾಗಿನಿಂದ ದಾನವ್ವ ಹೇಳುತ್ತಲೇ ಇದ್ದಳು. ಈಗ ಅವಳು ಆ ಬೆನ್ನನ್ನೇ ನೋಡುತ್ತ ನಿಂತಳು. ಕಂಕುಳಿನ ಚಾಪೆ ಜಾರಿ ನೆಲಕ್ಕೆ ಬಿದ್ದದ್ದು ಗೊತ್ತಾಗಲಿಲ್ಲ.

ಮಹಾದೇವಿ ತೊಳೆದ ಬಾಟಲಿಯನ್ನು ಮೋರಿಯ ಕಟ್ಟೆಯ ಮೇಲೆ ಬೋರಲು ಹಾಕಿದಳು. ಅದರ ಮುಚ್ಚಳ ಇನ್ನೂ ದಾನವ್ವಳ ಮುಷ್ಟಿಯಲ್ಲೇ ಇತ್ತು.