ಶಂಕ್ರೆವ್ವನ ಎದೆಬಡಿತ

ಬೆಟಗೇರಿಯ ನೇಕಾರರ ಓಣಿಯಲ್ಲಿ ಓರಗೆಯ ಗೆಳತಿಯರೆಲ್ಲ ಶಾಲೆಗೆ ಹೋದರೂ ಎಂಟು ವರ್ಷದ ಗದಿಗೆವ್ವ ಮನೆಯಲ್ಲೇ ಇರುತ್ತಿದ್ದಳು. ಶಾಲೆ ದೂರವಿರಲಿಲ್ಲ, ಅದರ ಗಂಟೆ ಮನೆಗೇ ಕೇಳಿಸುತ್ತಿತ್ತು. ಮಗಳು ನಾಲ್ಕಕ್ಷರ ಕಲಿಯಲಿ ಎಂಬ ಆಸೆ ಅಪ್ಪ ನೀಲಪ್ಪನಿಗಿತ್ತು. ಕಳಿಸದವಳು ತಾಯಿ ಶಂಕ್ರೆವ್ವ.

"ಆಕಿ ನನ್ನ ಕಣ್ಣ ಮುಂದ ಇರ್ಲಿ. ಮತ್ತೇನೂ ಬ್ಯಾಡ ನನಗ," ಎನ್ನುತ್ತಿದ್ದಳು.

ಇದು 1956ರ ಮಾತು, ಕನ್ನಡ ನಾಡು ಒಂದಾದ ವರ್ಷ.

ಮಗಳು ಅಂಗಳದಿಂದ ಸ್ವಲ್ಪ ಮರೆಯಾದರೆ ಸಾಕು, ಶಂಕ್ರೆವ್ವನ ಎದೆ ಢವಢವ ಬಡಿದುಕೊಳ್ಳುತ್ತಿತ್ತು. ಅಂಗೈ ಬೆವರುತ್ತಿತ್ತು. ಉಸಿರು ಅರ್ಧಕ್ಕೇ ನಿಂತಂತಾಗುತ್ತಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಂತುಬಿಡುತ್ತಿತ್ತು, ಹೆಂಚಿನ ಮೇಲಿನ ರೊಟ್ಟಿ ಕರಕಲಾಗುತ್ತಿತ್ತು. ಬೆಳಗ್ಗೆ ಏಳುವಾಗಲೇ ಅವಳು ದಣಿದಿರುತ್ತಿದ್ದಳು. ಅವಳನ್ನು ನೋಡಿ ನೋಡಿ ಮನೆಯವರೂ ದಣಿದಿದ್ದರು.

ಅವಳ ಮೊದಲಿನ ಊರು ಮುಂಡರಗಿಯ ಆಚೆ, ನಿಜಾಮನ ಸೀಮೆಯಲ್ಲಿತ್ತು. ಗದಗಿನಲ್ಲಿ ಸ್ವಾತಂತ್ರ್ಯದ ಬಾವುಟ ಹಾರಿದ ಮೇಲೂ ಆ ಊರಿಗೆ ಸ್ವಾತಂತ್ರ್ಯ ಬಂದಿರಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ನಿಜಾಮನ ಪರ ಬಡಿದಾಡುವ ರಜಾಕಾರರ ದಂಡು ಊರಿಗೆ ನುಗ್ಗಿತು. ನೀಲಪ್ಪ ನೂಲು ತರಲು ಗದಗಿಗೆ ಹೋಗಿದ್ದ. ಪಕ್ಕದ ಮನೆಯ ಲಾಡಸಾಬ ಓಡಿಬಂದು ಶಂಕ್ರೆವ್ವನನ್ನೂ ಅವಳ ಅತ್ತೆ ಉಡಚವ್ವನನ್ನೂ ತನ್ನ ಮೇವಿನ ಬಣವೆಯೊಳಗೆ ಅಡಗಿಸಿದ. ಮಾವ ಹೇಮಪ್ಪ ದನ ಬಿಚ್ಚಲು ಹೋದವನು ಮರಳಿ ಬರಲೇ ಇಲ್ಲ.

ಶಂಕ್ರೆವ್ವನ ಮಡಿಲಲ್ಲಿ ಆಗ ಗದಿಗೆವ್ವ ಕೈಗೂಸು. ಹೊರಗೆ ಹೆಜ್ಜೆಯ ಸಪ್ಪಳ. ಕೂಸು ಅಳಲು ಬಾಯಿ ತೆರೆಯಿತು. ತಾಯಿ ಅದರ ಬಾಯಿಯ ಮೇಲೆ ಅಂಗೈ ಒತ್ತಿದಳು. ಸಪ್ಪಳ ದೂರವಾಗುವವರೆಗೂ ತೆಗೆಯಲಿಲ್ಲ. ತೆಗೆದಾಗ ಕೂಸು ಅಲುಗಾಡಲಿಲ್ಲ. ಉಡಚವ್ವ ಅದನ್ನು ಕಸಿದುಕೊಂಡು ಬೆನ್ನು ತಟ್ಟಿದಳು, ಮತ್ತೆ ಮತ್ತೆ ತಟ್ಟಿದಳು. ಕೊನೆಗೆ ಕೂಸು ಕೆಮ್ಮಿತು, ಅತ್ತಿತು.

ಮುಂದೆ ಅವರು ಬೆಟಗೇರಿಗೆ ಬಂದರು. ನೀಲಪ್ಪನಿಗೆ ಇಲ್ಲೊಂದು ಮಗ್ಗ ಸಿಕ್ಕಿತು. ನಿಜಾಮನ ಆಳ್ವಿಕೆಯೂ ಮುಗಿಯಿತು. ಎಲ್ಲರೂ "ಆತು, ಎಲ್ಲಾ ಮುಗೀತು" ಎಂದರು. ಶಂಕ್ರೆವ್ವನ ಎದೆಗೆ ಮಾತ್ರ ಅದು ಗೊತ್ತಾಗಲಿಲ್ಲ.

ನವೆಂಬರ್ ಒಂದರಂದು ಹೊಸ ರಾಜ್ಯ ಹುಟ್ಟಿತು. ಓಣಿಯಲ್ಲಿ ಮೆರವಣಿಗೆ ಹೊರಟಿತು. ಗದಿಗೆವ್ವ ಕಟ್ಟೆಯ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಯಾರೋ ಪಟಾಕಿಯ ಸರಕ್ಕೆ ಬೆಂಕಿ ಹಚ್ಚಿದರು.

ಸದ್ದು ಕೇಳಿದ್ದೇ ತಡ, ಶಂಕ್ರೆವ್ವ ಮಗಳನ್ನು ಒಳಗೆ ಎಳೆದುಕೊಂಡು, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ ಕುಕ್ಕರಿಸಿದಳು. ಮಗಳ ಬಾಯಿ, ಮೂಗು ಎರಡನ್ನೂ ಅಂಗೈಯಿಂದ ಒತ್ತಿ ಹಿಡಿದಳು. ಹುಡುಗಿ ಒದ್ದಾಡಿದಳು. ನೀಲಪ್ಪ ಓಡಿಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಗದಿಗೆವ್ವ ಏದುಸಿರು ಬಿಡುತ್ತ ಮೇಲೆದ್ದು ಅಜ್ಜಿಯ ಹಿಂದೆ ಹೋಗಿ ನಿಂತಳು. ತಾಯಿ ಕೈಚಾಚಿದರೂ ಬರಲಿಲ್ಲ. ಅಂದು ಮೊದಲ ಸಲ ಮಗಳು ತಾಯಿಗೆ ಹೆದರಿದಳು.

ಮರುದಿನ ಶಂಕ್ರೆವ್ವ ಹಾಸಿಗೆ ಬಿಟ್ಟು ಏಳಲಿಲ್ಲ. "ನನ್ನ ಕೈಲೆ ಕೂಸ ಸಾಯತೈತಿ. ನನ್ನ ಎಲ್ಲ್ಯರೆ ದೂರ ಕಳಿಸಿಬಿಡ್ರಿ," ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಅದೇ ಓಣಿಯಲ್ಲಿ ಅನ್ನಪೂರ್ಣವ್ವ ಎಂಬ ನರ್ಸ್ ಇದ್ದರು. ಗದಗಿನ ದವಾಖಾನೆಯಲ್ಲಿ ಅವರ ಕೆಲಸ. ಅದಕ್ಕೂ ಮೊದಲು ಧಾರವಾಡದಲ್ಲಿ ಮನಸ್ಸಿನ ಕಾಯಿಲೆಯವರ ಆರೈಕೆ ಮಾಡಿದ್ದರು. ನೀಲಪ್ಪ ರಜಾಕಾರರು ಬಂದ ದಿನದಿಂದ ಹಿಡಿದು ಎಲ್ಲ ಹೇಳಿ ಅವರನ್ನು ಮನೆಗೆ ಕರೆತಂದ.

"ಅಕ್ಕಾರ, ಗಾಳಿ ಸೋಕೈತಿ ಅಂತಾರ ಮಂದಿ. ಖರೆ ಏನ್ರಿ?"

"ಗಾಳೀನೂ ಅಲ್ಲ, ಹುಚ್ಚೂ ಅಲ್ಲ ನೀಲಪ್ಪ. ಇದು ಅಂಜಿಕಿ. ಆವತ್ತ ಆ ಅಂಜಿಕಿ ಬೇಕಾಗಿತ್ತು, ಇವರ ಜೀವಾ ಉಳಿಸ್ತು. ಈಗ ಬ್ಯಾಡಾಗೈತಿ, ಆದ್ರ ಬಿಟ್ಟ ಹೋಗವಲ್ದು."

ಮೂಲೆಯಲ್ಲಿ ಕುಳಿತಿದ್ದ ಉಡಚವ್ವ ಸುಮ್ಮನಿರಲಿಲ್ಲ. "ನಾನೂ ಅದ ಬಣವ್ಯಾಗ ಇದ್ದೆ. ಗಂಡನ್ನ ಕಳಕೊಂಡೆ. ನನಗೇನ ಆಗೈತಿ? ಕೆಲಸದಾಗ ಬಿದ್ರ ಎಲ್ಲಾ ಮರತ ಹೋಗತೈತಿ."

"ಒಬ್ಬೊಬ್ಬರದು ಒಂದೊಂದ ನಮೂನಿ ಇರತೈತ್ರಿ ಅವ್ವಾರ. ಜ್ವರಾನೂ ಎಲ್ಲಾರಿಗೂ ಒಂದ ಸಮ ಬರಂಗಿಲ್ಲ. ಆಕಿ ವಾರಕ್ಕೊಮ್ಮೆ ನಮ್ಮ ಮನಿಗೆ ಬರ್ಲಿ. ಕುಂತ ಮಾತಾಡತೀವಿ."

"ಮಾತಾಡಿದ್ರ ಬ್ಯಾನಿ ಹೋಗತೈತೇನ? ಮನಿ ಮಾತ ಓಣಿಗೆಲ್ಲಾ ಗೊತ್ತಾಗತೈತಿ, ಅಷ್ಟ."

"ಆಕಿ ಹೇಳಿದ್ದು ನನ್ನ ಹೊಟ್ಟ್ಯಾಗ ಇರತೈತ್ರಿ. ಹೊರಗ ಹೋಗಂಗಿಲ್ಲ."

ಹಾಸಿಗೆಯಿಂದ ಸಣ್ಣ ದನಿ ಬಂತು. "ಗುಣಾ ಆಗತೈತೇನ್ರಿ?"

ಅನ್ನಪೂರ್ಣವ್ವ ಅವಳ ಪಕ್ಕದಲ್ಲಿ ಕುಳಿತರು. "ಜಲ್ದಿ ಆಗಂಗಿಲ್ಲವ್ವಾ, ಖರೆ ಹೇಳತೀನಿ. ಆದ್ರ ಕಡಿಮಿ ಆಗತೈತಿ. ಇಷ್ಟ ವರ್ಷ ನೀ ಒಬ್ಬಾಕೀನ ಹೊತ್ತಿ. ಇನ್ನ ಮ್ಯಾಲೆ ಒಬ್ಬಾಕಿ ಹೊರಬ್ಯಾಡ."

ಮೊದಲು ಅವಳನ್ನು ಗದಗಿಗೆ ಕರೆದುಕೊಂಡು ಹೋದರು. ಡಾಕ್ಟರು ಎದೆ ಪರೀಕ್ಷೆ ಮಾಡಿ, ಹೃದಯಕ್ಕೆ ಏನೂ ಆಗಿಲ್ಲ ಎಂದರು. ಮಾತುಕತೆ ಬಿಡಬೇಡಿ, ಬೇಕಾದರೆ ಔಷಧಿಯೂ ಉಂಟು, ಅದಕ್ಕೆ ನಾಚಿಕೊಳ್ಳಬೇಕಿಲ್ಲ ಎಂದೂ ಹೇಳಿದರು.

ಮೊದಲ ವಾರ ಶಂಕ್ರೆವ್ವ ಒಂದು ಮಾತೂ ಆಡದೆ ಎದ್ದು ಬಂದಳು. ಮುಂದಿನ ವಾರ ಬರೀ ಅತ್ತಳು. ಅನ್ನಪೂರ್ಣವ್ವ ಅವಸರ ಮಾಡಲಿಲ್ಲ, ಬುದ್ಧಿ ಹೇಳಲಿಲ್ಲ, "ಅಳಬ್ಯಾಡ" ಎಂದೂ ಅನ್ನಲಿಲ್ಲ. ಸುಮ್ಮನೆ ಜೊತೆಗೆ ಕುಳಿತರು. ಆಮೇಲೊಂದು ದಿನ ಬಣವೆಯ ಮಾತು ತಾನಾಗಿಯೇ ಹೊರಬಂತು, ಚೂರು ಚೂರಾಗಿ.

"ನಾನ ಕೊಲ್ಲತಿದ್ನಿರಿ ಅಕ್ಕಾರ, ನನ್ನ ಕೂಸನ್ನ."

"ನೀ ಉಳಿಸಾಕ ಮಾಡಿದ್ದವ್ವಾ ಅದು. ಆ ಹೊತ್ತಿನ್ಯಾಗ ನಿನಗ ಬ್ಯಾರೆ ದಾರಿ ಇತ್ತೇನ?"

ಶಂಕ್ರೆವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಇರಲಿಲ್ರಿ," ಎಂದಳು. ಆ ಒಂದು ಮಾತಿಗೆ ಎಂಟು ವರ್ಷ ಹಿಡಿದಿತ್ತು.

ಎದೆ ಬಡಿದುಕೊಂಡಾಗ ಏನು ಮಾಡಬೇಕೆಂದೂ ಅನ್ನಪೂರ್ಣವ್ವ ಕಲಿಸಿದರು. ಎರಡೂ ಪಾದ ನೆಲಕ್ಕೆ ಒತ್ತು. ಉಸಿರನ್ನು ಮೆಲ್ಲಗೆ, ಉದ್ದಕ್ಕೆ ಹೊರಗೆ ಬಿಡು. ಕಣ್ಣೆದುರು ಏನೇನಿದೆಯೋ ಒಂದೊಂದರ ಹೆಸರು ಹೇಳು: ಮಗ್ಗ, ಕೊಡ, ಬಾಗಿಲು. ಇದು ಬೆಟಗೇರಿ, ನಾನು ನನ್ನ ಮನೆಯಲ್ಲಿದ್ದೇನೆ ಎಂದು ಮನಸ್ಸಿಗೆ ತಿಳಿಸು. ನೀಲಪ್ಪನೂ ಇದನ್ನು ಕಲಿತ. "ಏನೂ ಆಗಿಲ್ಲ, ಸುಮ್ನಿರು" ಎಂದು ಗದರುವುದನ್ನು ಬಿಟ್ಟು, "ನಾ ಇಲ್ಲೇ ಅದೀನಿ" ಎನ್ನತೊಡಗಿದ.

ಒಂದು ಸಂಜೆ ಶಂಕ್ರೆವ್ವ ಮಗಳನ್ನು ಕರೆದಳು. "ನನಗ ಅಂಜಬ್ಯಾಡವ್ವಾ. ನನಗೊಂದು ಬ್ಯಾನಿ ಐತಿ. ಅದಕ್ಕ ಉಪಚಾರ ನಡದೈತಿ."

ಗದಿಗೆವ್ವ ಸ್ವಲ್ಪ ದೂರದಲ್ಲೇ ನಿಂತು ಕೇಳಿದಳು. "ಹಂಗಾರ ನಾ ಸಾಲಿಗೆ ಹೋಗಲೇನ?"

ಒಮ್ಮೆಲೇ ಕಳಿಸಲು ಆಗಲಿಲ್ಲ. ಮೊದಲು ಓಣಿಯ ತಿರುವಿನವರೆಗೆ, ಆಮೇಲೆ ಬಾವಿಯವರೆಗೆ, ಆಮೇಲೆ ಶಾಲೆಯ ಬಾಗಿಲವರೆಗೆ. ತಾಯಿ ಬಾಗಿಲ ಹೊರಗೆ ಕುಳಿತೇ ಇರುತ್ತಿದ್ದಳು. ಕೆಲವು ವಾರಗಳಾದ ಮೇಲೆ ಮಗಳನ್ನು ಅಲ್ಲಿ ಬಿಟ್ಟು ಮನೆಗೆ ಬಂದು ಕಾಯುವುದು ರೂಢಿಯಾಯಿತು.

ಅಷ್ಟರಲ್ಲಿ ಒಂದು ದಿನ ರಸ್ತೆಯಲ್ಲಿ ಲಾರಿಯ ಟೈರು ಢಂ ಎಂದು ಸಿಡಿಯಿತು. ಶಂಕ್ರೆವ್ವ ಬರಿಗಾಲಲ್ಲಿ ಓಡಿಹೋಗಿ ತರಗತಿಯಿಂದ ಮಗಳನ್ನು ಎಳೆದುಕೊಂಡು ಬಂದಳು. ಆಮೇಲೆ ಅನ್ನಪೂರ್ಣವ್ವನ ಮುಂದೆ ಕುಸಿದು ಕುಳಿತಳು.

"ಇಷ್ಟ ದಿನ ಮಾಡಿದ್ದೆಲ್ಲಾ ನೀರಾಗ ಹೋತ್ರಿ. ನನಗ ಸಾಕಾಗೈತಿ."

"ಸಾಕಾಗತೈತವ್ವಾ, ಖರೆ. ಆದ್ರ ಯಾವದೂ ನೀರಾಗ ಹೋಗಿಲ್ಲ. ಮೊದಲ ಆಗಿದ್ರ ಆಕಿ ಬಾಯಿ ಮುಚ್ಚತಿದ್ದಿ. ಇವತ್ತ ಕೈ ಹಿಡಕೊಂಡ ಬಂದಿ. ನಾಳೆ ಮತ್ತ ಕಳಸು."

ಮರುದಿನ ಶಂಕ್ರೆವ್ವ ಮಗಳನ್ನು ಮತ್ತೆ ಕಳಿಸಿದಳು. ಎದೆ ಬಡಿದುಕೊಳ್ಳುತ್ತಿತ್ತು. ಬಡಿದುಕೊಳ್ಳುತ್ತಿರುವಾಗಲೇ ಕಳಿಸಿದಳು.

ಬೇಸಿಗೆ ಬರುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತತೊಡಗಿತು. ಪೂರ್ತಿ ಗುಣವಾಯಿತೆಂದು ಯಾರೂ ಹೇಳುವಂತಿರಲಿಲ್ಲ. ಆದರೆ ಗದಿಗೆವ್ವ ತಾಯಿಯ ಮಗ್ಗುಲಲ್ಲಿ ಮಲಗಿ ಮಗ್ಗಿ ಒಪ್ಪಿಸುತ್ತಿದ್ದಳು.

ಒಂದು ಮಧ್ಯಾಹ್ನ ಸೊಸೆಯನ್ನು ಕರೆಯಲೆಂದು ಉಡಚವ್ವ ಅನ್ನಪೂರ್ಣವ್ವನ ಮನೆಗೆ ಬಂದಳು. ಬಂದವಳು ಹೊಸ್ತಿಲಲ್ಲೇ ನಿಂತಳು. ಕರೆಯಲೂ ಇಲ್ಲ, ಹೋಗಲೂ ಇಲ್ಲ.

"ಏನ್ರಿ ಅತ್ತಿ?" ಶಂಕ್ರೆವ್ವ ಕೇಳಿದಳು.

ಮುದುಕಿ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ನಿಂತಳು. "ಸೊಸಿಗೆ ನಿದ್ದಿ ಬರಾಕತ್ತೈತ್ರಿ ಅಕ್ಕಾರ. ನನಗ ಬರವಲ್ದು. ಆವತ್ತ ದನಾ ಬಿಚ್ಚಾಕ ಹೋಗ್ರಿ ಅಂತ ನಮ್ಮ ಮನಿಯವರನ್ನ ನಾನ ಕಳಿಸಿದ್ದೆ. ಇಷ್ಟ ವರ್ಷ ಯಾರ ಮುಂದೂ ಅಂದಿಲ್ಲ."

ಅನ್ನಪೂರ್ಣವ್ವ ಚಾಪೆ ಸರಿಸಿದರು. "ಒಳಗ ಬರ್ರಿ ಅವ್ವಾರ. ಕುಂಡ್ರಿ."

ಶಂಕ್ರೆವ್ವ ಎದ್ದು ಅತ್ತೆಗೆ ಜಾಗ ಬಿಟ್ಟುಕೊಟ್ಟಳು. ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಎಳೆದುಕೊಂಡು ಮನೆಯ ಕಡೆ ನಡೆದಳು.

ಈ ಕಥೆಯನ್ನು ಓದಿದವರೇ, ಕುಳಿತು ಕೇಳಿದವರೇ, ನಿಮ್ಮ ಮನೆಯಲ್ಲೂ ಒಬ್ಬರು ಹೀಗೆ ದಣಿದಿರಬಹುದು. ಅದು ನೀವೇ ಇರಬಹುದು. ಕಾರಣವಿಲ್ಲದೆ ಎದೆ ಬಡಿದುಕೊಳ್ಳುತ್ತಿದ್ದರೆ, ನಿದ್ದೆ ಬಾರದಿದ್ದರೆ, ಹಳೆಯ ನೋವು ಇಂದೇ ನಡೆದಂತೆ ಕಾಡುತ್ತಿದ್ದರೆ, ಅದು ಶಾಪವಲ್ಲ, ನಿಮ್ಮ ತಪ್ಪೂ ಅಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಆಪ್ತಸಮಾಲೋಚನೆ ಬೇಕು ಎಂದು ಕೇಳಿ. ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎನಿಸಿದರೆ ನಾಳೆಗೆ ಕಾಯಬೇಡಿ, ಈಗಲೇ ಪಕ್ಕದಲ್ಲಿರುವವರಿಗೆ ಹೇಳಿ.

ಯಾರಾದರೂ ನಿಮ್ಮ ಹೊಸ್ತಿಲಿಗೆ ಬಂದು ಮಾತಿಲ್ಲದೆ ನಿಂತರೆ, ಒಳಗೆ ಕರೆದು ಕೂರಿಸಿ. ಬುದ್ಧಿಮಾತು ಆಮೇಲಿರಲಿ, ಮೊದಲು ಕೇಳಿ.