ನಾಚಾರಂ ಬೇವಿನ ಜೇನು

ಮರ ಉರುಳಿದ ಮೇಲೆಯೇ ಅದರೊಳಗೆ ಜೇನಿದೆ ಎಂದು ಗೊತ್ತಾದದ್ದು. ನಾಚಾರಂನ ಹಳೆಯ ಕಾರ್ಖಾನೆಯೊಂದರ ಅಂಗಳದಲ್ಲಿ ಹೊಸ ಶೆಡ್ ಕಟ್ಟಲು ಬೇವಿನ ಮರ ಕಡಿದಿದ್ದರು. ಕೊಂಬೆ ಸವರಲು ಹೋದವರು ಕೊಡಲಿ ಬಿಟ್ಟು ಓಡಿ ಬಂದರು. ಬೊಡ್ಡೆಯ ಪೊಟರೆಯಿಂದ ಹುಳಗಳು ಹೊಗೆಯಂತೆ ಏಳುತ್ತಿದ್ದವು. ಮೇಸ್ತ್ರಿ ದೀಪಕ ಗೆದ್ದಲಿಗೆಂದು ತಂದಿದ್ದ ಔಷಧದ ಪಂಪು ತರಲು ಹೇಳಿದ.

ಇಟ್ಟಿಗೆ ಹೊರುತ್ತಿದ್ದ ಗದಿಗೆಮ್ಮ ಬುಟ್ಟಿ ಇಳಿಸಿ ನಡುವೆ ಬಂದು ನಿಂತಳು. ಶಹಾಪುರದ ಗುಡ್ಡಗಳಲ್ಲಿ ಜೇನು ಬಿಡಿಸಿಯೇ ಅವಳಪ್ಪ ಐದು ಮಕ್ಕಳನ್ನು ಸಾಕಿದ್ದ. ಜೇನುತುಪ್ಪವಿದ್ದ ಭಾಗವನ್ನಷ್ಟೇ ಕೊಯ್ದು, ಮರಿಯಿದ್ದ ಮೇಣದ ಎರಿಗೆ ಕೈಮುಗಿದು ಇಳಿಯುತ್ತಿದ್ದ. ಆ ಅನ್ನ ಉಂಡು ಬೆಳೆದವಳಿಗೆ ಪಂಪು ಕಂಡು ಸುಮ್ಮನಿರಲಾಗಲಿಲ್ಲ. ಬೊಡ್ಡೆ ಒಯ್ಯುವ ಲಾರಿ ಬರುವುದು ನಾಳೆ, ಅಲ್ಲಿಯವರೆಗೆ ಅದರ ತಂಟೆಗೆ ಯಾರೂ ಹೋಗಬೇಡಿ, ಉಳಿದದ್ದು ತನಗಿರಲಿ ಎಂದು ಕಲಿತಷ್ಟು ತೆಲುಗಿನಲ್ಲಿ ಬೇಡಿಕೊಂಡಳು. ದೀಪಕ ಕೆಟ್ಟವನಲ್ಲ. ಯಾರಿಗಾದರೂ ಕಚ್ಚಿದರೆ ನೀನೇ ಹೊಣೆ ಎಂದು ಪಂಪನ್ನು ಒಳಗಿಡಿಸಿದ.

ಹೊಣೆ ಹೊತ್ತದ್ದೇನೋ ಆಯಿತು, ಹುಳಗಳನ್ನು ಒಯ್ಯುವುದೆಲ್ಲಿಗೆ? ಅವಳಿಗೆ ತನ್ನ ಓಣಿಯ ಸುಗಲಮ್ಮ ನೆನಪಾದಳು. ಹಿಮಾಯತ್‌ನಗರದಲ್ಲಿ ತಾನು ಮನೆಗೆಲಸ ಮಾಡುವ ಮನೆಯ ರಾಯರು ಮಾಳಿಗೆಯ ಮೇಲೆ ಪೆಟ್ಟಿಗೆಯಲ್ಲಿ ಜೇನು ಸಾಕುತ್ತಾರೆಂದು ಸುಗಲಮ್ಮ ಹೇಳಿಕೊಂಡು ನಗುತ್ತಿದ್ದಳು. ಗದಿಗೆಮ್ಮ ಅವಳಿಗೆ ಫೋನು ಮಾಡಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಪ್ರಾಣೇಶರಾಯರೇ ಖಾಲಿ ಪೆಟ್ಟಿಗೆಯೊಂದನ್ನು ಅಪ್ಪಿಕೊಂಡು ಆಟೋದಿಂದ ಇಳಿದರು. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ವಯಸ್ಸು ಎಪ್ಪತ್ತು ದಾಟಿತ್ತು.

"ಯಾವೂರಾಕಿ ತಂಗೀ?"

"ಶಹಾಪುರ ಕಡೀದ್ರಿ."

"ಹಂಗಾರ ನಮ್ಮ ಕಡ್ಯಾಕೀನೇ. ಒಂದು ಮಾತು ಮೊದಲ ಹೇಳಿಬಿಡ್ತೀನಿ. ಕೆಲಸ ನನಗ ಬರ್ತದ, ಖರೆ ಕಣ್ಣು ಸರಿಯಾಗಿ ಕಾಣಂಗಿಲ್ಲ. ರಾಣಿ ಹುಳ ನೀನ ಹುಡುಕಬೇಕು."

ರಾಯರು ಹೇಳುತ್ತ ಹೋದರು, ಗದಿಗೆಮ್ಮ ಮಾಡುತ್ತ ಹೋದಳು. ಹೊಗೆ ಊದಿ ಹುಳಗಳನ್ನು ತಣ್ಣಗಾಗಿಸಿದ ಮೇಲೆ ದೀಪಕ ಮುಖಕ್ಕೆ ಟವೆಲ್ ಸುತ್ತಿಕೊಂಡು ಬೊಡ್ಡೆಯನ್ನು ಉದ್ದಕ್ಕೆ ಸೀಳಿಕೊಟ್ಟ. ಒಳಗೆ ಏಳು ಎರಿಗಳಿದ್ದವು. ಮರ ಬಿದ್ದ ಹೊಡೆತಕ್ಕೆ ಎರಡು ಜಜ್ಜಿಹೋಗಿದ್ದವು. ಉಳಿದವುಗಳಲ್ಲಿ ಮರಿಯಿದ್ದವನ್ನು ಕೊಯ್ದು ಪೆಟ್ಟಿಗೆಯ ಮರದ ಚೌಕಟ್ಟುಗಳಿಗೆ ಬಾಳೆನಾರಿನಿಂದ ಕಟ್ಟಿ ಒಳಗೆ ನಿಲ್ಲಿಸಿದಳು. ಆದರೆ ಹುಳಗಳು ಅತ್ತ ಸುಳಿಯಲಿಲ್ಲ. ರಾಣಿ ಒಳಗೆ ಬಾರದೆ ಒಂದೂ ನಿಲ್ಲುವುದಿಲ್ಲ ಎಂದರು ರಾಯರು.

ಪೊಟರೆಯಲ್ಲಿ ಕೈ ಆಡಿಸಿದಳು, ಎರಿಗಳನ್ನು ಮತ್ತೆ ತಿರುವಿ ನೋಡಿದಳು. ಬಿಸಿಲು ಇಳಿಯಿತು. ಹುಬ್ಬಿನ ಮೇಲೆ ಒಂದು ಕಚ್ಚಿ ಎಡಗಣ್ಣು ಬಾತುಕೊಂಡಿತು. ಮರ ಬಿದ್ದಾಗಲೇ ರಾಣಿ ಸತ್ತಿರಬೇಕು ಎಂದು ಅವಳಿಗೆ ಅಳು ಬರುವಂತಾಯಿತು. ಆಗ, ದೂರ ಸಿಡಿದು ಬಿದ್ದಿದ್ದ ತೊಗಟೆಯ ಚೂರೊಂದಕ್ಕೆ ಹಿಡಿಯಷ್ಟು ಹುಳ ಮುತ್ತಿದ್ದು ಕಂಡಿತು. ಬರಿಗೈಯಿಂದ ಮೆಲ್ಲಗೆ ಬಿಡಿಸಿದಳು. ನಡುವೆ ಉಳಿದವಕ್ಕಿಂತ ಉದ್ದನೆಯ, ಕಪ್ಪು ಹೊಳಪಿನ ಒಂದು ಹುಳ.

"ಇಲ್ಲೇ ಅದಾಳ್ರಿ," ಎಂದಳು.

ತೊಗಟೆಯ ಸಮೇತ ಒಯ್ದು ರಾಣಿಯನ್ನು ಪೆಟ್ಟಿಗೆಗೆ ಇಳಿಸಿದಳು. ಸ್ವಲ್ಪ ಹೊತ್ತಿನಲ್ಲೇ ಕೆಲವು ಹುಳಗಳು ಪೆಟ್ಟಿಗೆಯ ಬಾಗಿಲಲ್ಲಿ ನಿಂತು, ಉಳಿದವನ್ನು ಕರೆಯುವಂತೆ ರೆಕ್ಕೆ ಬೀಸತೊಡಗಿದವು. ಆಮೇಲೆ ಎಲ್ಲವೂ ಸಾಲುಗಟ್ಟಿ ಒಳಗೆ ನಡೆದವು. ರಾಯರು ಪೆಟ್ಟಿಗೆಗೆ ಕಿವಿಯಿಟ್ಟು ಬಹಳ ಹೊತ್ತು ಕೂತರು. ಎದ್ದವರು ಗದಿಗೆಮ್ಮನಿಗೆ ಕೈಮುಗಿದರು. ಅಷ್ಟು ಹಿರಿಯರು ಹಾಗೆ ಮಾಡಿದ್ದಕ್ಕೆ ಅವಳು ನಾಚಿ ಸೆರಗಿನಿಂದ ಮುಖ ಒರೆಸಿಕೊಂಡಳು. ಜಜ್ಜಿದ ಎರಿಗಳ ತುಪ್ಪವನ್ನು ಕೆಲಸದವರೆಲ್ಲ ಬೆರಳಿಗೆ ಹಚ್ಚಿಕೊಂಡು ನೆಕ್ಕಿದರು. ಹೊತ್ತು ಮುಳುಗಿ ಹೊರಗಿನ ಹುಳಗಳೂ ಮರಳಿದ ಮೇಲೆ ಬಾಗಿಲು ಮುಚ್ಚಿ ಪೆಟ್ಟಿಗೆಯನ್ನು ಆಟೋದಲ್ಲಿಟ್ಟರು.

ಮೂರು ವಾರದ ನಂತರ ಒಂದು ಭಾನುವಾರ ರಾಯರು ಅವಳನ್ನು ಕರೆಸಿದರು. ಅವರ ಹೆಂಡತಿ ಸುಂದರಾಬಾಯಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಚಹಾ ಕೊಟ್ಟರು. ಕಣ್ಣು ಕೈಕೊಟ್ಟ ಮೇಲೆ ರಾಯರು ಪೆಟ್ಟಿಗೆಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಲು ನಿಶ್ಚಯಿಸಿದ್ದರಂತೆ. ನಾಚಾರಂನಿಂದ ಬಂದ ದಿನದಿಂದ ಆ ಮಾತೇ ಎತ್ತಿಲ್ಲವಂತೆ. ಮಾಳಿಗೆಯಲ್ಲಿ ಗದಿಗೆಮ್ಮ ಚೌಕಟ್ಟೊಂದನ್ನು ಎತ್ತಿ ಬಿಸಿಲಿಗೆ ಹಿಡಿದಳು. ಬಾಳೆನಾರನ್ನು ಹುಳಗಳೇ ಕಡಿದು ಹಾಕಿದ್ದವು. ಹೊಸ ಮೇಣದ ಕೋಣೆಗಳಲ್ಲಿ ಎಳ್ಳಿಗಿಂತ ಸಣ್ಣ ಮೊಟ್ಟೆಗಳಿದ್ದವು. ಅವಳು ಕಂಡದ್ದನ್ನು ಹೇಳುತ್ತಿದ್ದರೆ ರಾಯರು ಮಗುವಿನಂತೆ ಕೇಳಿಸಿಕೊಂಡರು.

"ನಿನ್ನ ಉಪಕಾರ ಭಾಳ ಆತು ತಂಗೀ. ಏನು ಬೇಕು ಕೇಳು," ಎಂದರು.

ಗದಿಗೆಮ್ಮ ಸ್ವಲ್ಪ ಯೋಚಿಸಿದಳು. "ನಮ್ಮಪ್ಪಗ ಜೇನು ಬಿಡಸೂದು ಗೊತ್ತಿತ್ರಿ, ಸಾಕೂದು ಗೊತ್ತಿರಲಿಲ್ಲ. ಅದನ್ನ ನನಗ ಕಲಸ್ರಿ. ಅವು ನಮ್ಮನ್ನ ಸಾಕ್ಯಾವು."

ಅಂದೇ ಪಾಠ ಶುರುವಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮಣಿಕೊಂಡದ ಕಟ್ಟಡವೊಂದರಿಂದ ಕರೆ ಬಂತು, ಹುಣಸೆಯ ಪೊಟರೆಯಲ್ಲಿ ಜೇನಿದೆ ಎಂದು. ಅಲ್ಲಿ ತಲುಪಿದ ಮೇಲೆ ರಾಯರು ಆಟೋದಲ್ಲೇ ಕೂತರು. ಗದಿಗೆಮ್ಮ ಪೆಟ್ಟಿಗೆ ಹೊತ್ತು ಮರದ ಕಡೆ ನಡೆದಳು.