ಜೀಬ್ರಾ ಬೇಕೆಂದ ಅಳಿಯ

ನನ್ನ ಗಂಡ ಮರ್ವಿನ್ ಆಸ್ಟ್ರೇಲಿಯಾದ ಬಲ್ಲರಾಟ್ ಎಂಬ ಊರಿನಲ್ಲಿ ಮೂವತ್ತೊಂದು ವರ್ಷ ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆ ಮಾಡುತ್ತಿದ್ದವನು. ಸ್ಟೇರಿಂಗ್‌ನಿಂದ ಒಂದು ಕೈ ತೆಗೆದರೂ ಸಾಕು, ಮುಲಾಜಿಲ್ಲದೆ ಫೇಲ್ ಮಾಡುತ್ತಿದ್ದ. ಸ್ವಂತ ತಂಗಿಯನ್ನೇ ಎರಡು ಸಲ ಫೇಲ್ ಮಾಡಿದ್ದಾನೆ. ಆಕೆ ಈಗಲೂ ಕ್ರಿಸ್‌ಮಸ್ಸಿಗೆ ಫೋನ್ ಮಾಡುವುದಿಲ್ಲ. ಇಂಥವನು ನಿವೃತ್ತನಾಗಿ, ನನ್ನನ್ನು ಕಟ್ಟಿಕೊಂಡು, ಬಂದು ನೆಲೆಸಿದ್ದು ಕಾಲಸಿನ್ ಪಟ್ಟಣದ ಕಡೆಗೆ ಹೋಗುವ ಹೆದ್ದಾರಿಗೆ ಅಂಟಿಕೊಂಡಿರುವ ನಮ್ಮ ಹಳ್ಳಿಯಲ್ಲಿ. ಅವನ ಹಣೆಬರಹ ಬರೆದವರು ಯಾರೋ ತಮಾಷೆಯ ಮನುಷ್ಯರೇ ಇರಬೇಕು.

ನನ್ನ ನೂಡಲ್ಸ್ ಅಂಗಡಿಯ ಮುಂದಿನ ಮೇಜು ಪರಂಗಿಗಳದ್ದು. ಬೆಳಿಗ್ಗೆ ಏಳಕ್ಕೆಲ್ಲ ಮರ್ವಿನ್ ಮತ್ತು ಪಕ್ಕದ ಹಳ್ಳಿಯ ಜರ್ಮನ್ ಅಳಿಯ ಹೊರ್ಸ್ಟ್ ಅಲ್ಲಿ ಕಾಫಿ ಹಿಡಿದು ಕೂತು, ರಸ್ತೆ ನೋಡುತ್ತಾ, ನಮ್ಮ ದೇಶವನ್ನು ರಿಪೇರಿ ಮಾಡುತ್ತಾರೆ. ಒಂದು ಬೈಕಿನಲ್ಲಿ ನಾಲ್ಕು ಜನ, ಅದೂ ಎದುರು ದಿಕ್ಕಿನಲ್ಲಿ. ಹೆಲ್ಮೆಟ್ಟು ತಲೆಯ ಮೇಲಿಲ್ಲ, ಹ್ಯಾಂಡಲ್‌ಗೆ ನೇತಾಡುತ್ತಿದೆ, ಅದರೊಳಗೆ ಮೊಟ್ಟೆ. ತಲೆಗಿಂತ ಮೊಟ್ಟೆಗೆ ಬೆಲೆ ಜಾಸ್ತಿ ಎಂದು ಹೊರ್ಸ್ಟ್ ದಿನಾ ಒಂದು ಸಲ ಹೇಳಲೇಬೇಕು. ಯೂ-ಟರ್ನ್ ನಾಲ್ಕು ಕಿಲೋಮೀಟರ್ ಆಚೆ ಇಟ್ಟರೆ ಅಷ್ಟು ದೂರ ಯಾರು ಹೋಗುತ್ತಾರೆ ಎಂದು ನಾನು ಕೇಳಿದರೆ ಇಬ್ಬರೂ ಒಟ್ಟಿಗೆ "ನಾವು" ಅನ್ನುತ್ತಾರೆ. ಅದು ನಿಜ. ಇಡೀ ಜಿಲ್ಲೆಯಲ್ಲಿ ಅವರಿಬ್ಬರೇ ಹೋಗುವುದು.

ಬಂದ ಹೊಸದರಲ್ಲಿ ಮರ್ವಿನ್‌ಗೆ ಒಂದು ಲಾರಿ ಎದುರಿನಿಂದ ಹೆಡ್‌ಲೈಟ್ ಮಿಟುಕಿಸಿತ್ತು. ಅವನ ಊರಿನಲ್ಲಿ ಹಾಗೆ ಮಾಡಿದರೆ 'ನೀವು ಮೊದಲು ಹೋಗಿ' ಅಂತ ಅರ್ಥವಂತೆ. ನಮ್ಮಲ್ಲಿ 'ನಾನು ಬರ್ತಿದ್ದೀನಿ, ಸರಿ ಅತ್ಲಾಗೆ' ಅಂತ. ಮರ್ವಿನ್ ಥ್ಯಾಂಕ್ಸ್ ಹೇಳಿ ಮುಂದೆ ಹೋದ. ಕಾರಿನ ಕನ್ನಡಿ ಗದ್ದೆಯಲ್ಲಿ ಸಿಕ್ಕಿತು.

ಇದೆಲ್ಲ ನಗುವ ವಿಷಯವಾಗಿಯೇ ಇತ್ತು, ನನ್ನ ಅಮ್ಮ ಬೀಳುವವರೆಗೂ.

ಅಮ್ಮನ ಹೆಸರು ಕಾಂಪಾ, ವಯಸ್ಸು ಎಪ್ಪತ್ತೊಂಬತ್ತು. ಹೆದ್ದಾರಿ ಅಗಲವಾದ ಮೇಲೆ ಭಿಕ್ಷುಗಳ ಬೆಳಗಿನ ಸಾಲು ಆಚೆ ಬದಿಯಲ್ಲೇ ಹೋಗುತ್ತದೆ. ಅಮ್ಮ ದಿನಾ ಆರು ಗಂಟೆಗೆ ಅಂಟನ್ನದ ಬುಟ್ಟಿ ಹಿಡಿದು, ನಾಲ್ಕು ಸಾಲು ವಾಹನಗಳ ಮಧ್ಯೆ, ತಲೆ ಕೂಡ ಎತ್ತದೆ ದಾಟುತ್ತಾಳೆ. ಅಪ್ಪನ ಅಸ್ಥಿ ಆಚೆಯ ವಿಹಾರದ ಗೋಡೆಯಲ್ಲಿದೆ. ಅನ್ನ ನೀಡಿ, ಗೋಡೆಯ ಹತ್ತಿರ ನಿಂತು ಅಪ್ಪನಿಗೆ ಮನೆಯ ಸುದ್ದಿ ಹೇಳಿ ಬರುತ್ತಾಳೆ. ಹೋಗಬೇಡ ಎಂದರೆ ಅವಳದು ಒಂದೇ ಮಾತು: "ನಾನು ಹುಟ್ದಾಗ ಇದು ಗಾಡಿ ದಾರಿ ಕಣೇ. ನಾನು ಮೊದ್ಲು ಬಂದೋಳು. ಅವ್ರು ನೋಡ್ಕೊಂಡು ಹೋಗ್ಲಿ."

ಒಂದು ಬೆಳಿಗ್ಗೆ ಒಂದು ಪಿಕಪ್ ಅವಳ ಬುಟ್ಟಿಯನ್ನು ಹಾರಿಸಿಕೊಂಡು ಹೋಯಿತು. ಅಮ್ಮ ನಿಂತಲ್ಲೇ ಕುಸಿದಳು. ಅನ್ನ ರಸ್ತೆಯ ಉದ್ದಕ್ಕೂ ಚೆಲ್ಲಿತ್ತು. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ ಆಮೇಲೆ ಹೆಜ್ಜೆ ಇಡುವ ನನ್ನ ಗಂಡ ಅವತ್ತು ಯಾವ ಕಡೆಯೂ ನೋಡದೆ ಓಡಿದ. ಅವಳನ್ನು ಎತ್ತಿಕೊಂಡು ಬಂದು ಮೊಣಕಾಲು ತೊಳೆಯುವಾಗ ಅರ್ಧ ನೀರು ತನ್ನ ಮೇಲೇ ಚೆಲ್ಲಿಕೊಂಡ. ಅಮ್ಮನೇ ಅವನ ಬೆನ್ನು ಸವರಿ ಸಮಾಧಾನ ಮಾಡಬೇಕಾಯಿತು.

ಮಧ್ಯಾಹ್ನ ಅವನು ಒಂದು ಬಣ್ಣದ ಕಾಗದ ತಂದು ನನ್ನ ಮುಂದಿಟ್ಟ. ಚಾ-ಅಮ್‌ನ ಸಮುದ್ರದ ದಂಡೆಯ ಮನೆಗಳ ಚಿತ್ರ. ಸುತ್ತ ಗೋಡೆ, ಒಳಗೆ ರಸ್ತೆಯೇ ಇಲ್ಲ.

"ನಿಮ್ಮಮ್ಮ ಸಾಯೋದನ್ನ ಈ ಮೇಜಿಂದ ಕೂತು ನೋಡಕ್ಕೆ ನನ್ನ ಕೈಲಾಗಲ್ಲ ರಂಪಾ. ಭಿಕ್ಷುಗಳ ಮಳೆಗಾಲದ ವ್ರತ ಶುರುವಾಗೋದ್ರೊಳಗೆ ಇಲ್ಲಿ ವಾಹನ ನಿಧಾನ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಹೊರಡೋಣ. ಅವ್ರನ್ನೂ ಕರ್ಕೊಂಡು ಹೋಗೋಣ."

ಅಮ್ಮ ಬರುವುದಿಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಅಪ್ಪನ ಗೋಡೆ ಬಿಟ್ಟು ಅವಳು ಎಲ್ಲಿಗೂ ಬರುವವಳಲ್ಲ. ಅವನೋ, ಮಾತು ಕೊಟ್ಟರೆ ತಂಗಿಯನ್ನೂ ಫೇಲ್ ಮಾಡುವವನು. ಅಮ್ಮನನ್ನು ಬಿಡಬೇಕೋ, ಗಂಡನನ್ನು ಬಿಡಬೇಕೋ? ಅವತ್ತು ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ರಸ್ತೆಗೆ ಬಿಳಿ ಪಟ್ಟಿ ಬಳಿಯಿರೆಂದು ಮರ್ವಿನ್ ಪಟ್ಟಣದ ಕಚೇರಿಗೆ ಮೂರು ಸಲ ಹೋದ. ಮೂರು ಸಲವೂ ತುಂಬ ಚೆನ್ನಾಗಿ ನಕ್ಕು, ತಣ್ಣೀರು ಕೊಟ್ಟು ಕಳಿಸಿದರು. ಕೊನೆಗೆ ಅವನು ಊರಿನ ಸಭೆಯಲ್ಲಿ ಮಾತಾಡುತ್ತೇನೆ ಎಂದ, ಅದೂ ನಮ್ಮ ಭಾಷೆಯಲ್ಲಿ. ಮೂರು ವಾರ ಫೋನಿನ ಜೊತೆ, ಕೋಳಿಗಳ ಜೊತೆ ಮಾತಾಡಿ ಅಭ್ಯಾಸ ಮಾಡಿದ.

ರಸ್ತೆ ದಾಟುವ ಬಿಳಿ ಪಟ್ಟಿಗೆ ನಾವು 'ಥಾಂಗ್ ಮಾಲಾಯ್' ಅನ್ನುತ್ತೇವೆ, ಜೀಬ್ರಾ ದಾರಿ. ಸಭೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎದ್ದು ನಿಂತ ನನ್ನ ಗಂಡ ಹೆದರಿಕೆಯಲ್ಲಿ 'ದಾರಿ'ಯನ್ನು ನುಂಗಿಬಿಟ್ಟ.

"ನನ್ನ ಅತ್ತೆ ದಾಟೋ ಜಾಗಕ್ಕೆ ಜೀಬ್ರಾ ಬೇಕು," ಎಂದ. "ಈ ಬದಿಗೂ ಬೇಕು, ಆ ಬದಿಗೂ ಬೇಕು. ನನ್ನ ಊರಲ್ಲಿ ಪ್ರತಿ ಶಾಲೆ ಮುಂದೆ ಜೀಬ್ರಾ ಇದೆ. ಜೀಬ್ರಾ ಇರೋ ಕಡೆ ಯಾರೂ ಸಾಯಲ್ಲ. ದಯವಿಟ್ಟು ಕೊಡಿ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬೊಬ್ಬರೇ ತಲೆಯಾಡಿಸಿದರು. ಮುದುಕಿಯರು ಕಣ್ಣೊರೆಸಿಕೊಂಡರು. ಯಾಕೆಂದರೆ ಅಪಾಯದ ತಿರುವಿನ ಗುಡಿಗಳಿಗೆ ನಾವು ಜೀಬ್ರಾ ಗೊಂಬೆಗಳನ್ನೇ ಹರಕೆ ಒಪ್ಪಿಸುವುದು. ದಾಟಿಸುವ ದಾರಿಗೇ ಜೀಬ್ರಾ ಹೆಸರಿರುವಾಗ ದಾಟಿಸುವ ಕೆಲಸ ಇನ್ನಾರದು? ಊರ ಮುಖ್ಯಸ್ಥ ಪ್ರಸೋಂಗ್ ನನ್ನ ಹತ್ತಿರ ಬಂದು, ಒಂಬತ್ತು ವರ್ಷಕ್ಕೆ ನಿಮ್ಮ ಯಜಮಾನರು ನಮ್ಮವರಾದರು ನೋಡಿ ಎಂದ. ನಾನು ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಮರ್ವಿನ್ ಬೆವರೊರೆಸಿಕೊಂಡು ಸ್ಕೂಲಿನಲ್ಲಿ ಬಹುಮಾನ ಬಂದವನ ಮುಖ ಮಾಡಿಕೊಂಡು ನಿಂತಿದ್ದ. ನನಗೆ ಮನಸ್ಸಾಗಲಿಲ್ಲ.

ಭಾನುವಾರ ಬೆಳಿಗ್ಗೆ ಬಣ್ಣದ ಡಬ್ಬ ಬರುತ್ತದೆಂದು ಅವನು ಟೇಪು ಹಿಡಿದು ಕಾಯುತ್ತಿದ್ದ. ಪ್ರಸೋಂಗನ ಪಿಕಪ್ ಬಂತು. ಹಿಂದೆ ಎರಡು ಸಿಮೆಂಟಿನ ಜೀಬ್ರಾ, ಎದೆಯೆತ್ತರದವು, ಒಂದಕ್ಕೆ ಕಿವಿ ಮುರಿದಿತ್ತು. ಒಂದನ್ನು ಈ ಬದಿಯ ಹುಣಸೆ ಮರದ ಕೆಳಗೆ, ಇನ್ನೊಂದನ್ನು ಆಚೆ ಬದಿಗೆ ಇಳಿಸಿದರು. ಮರಕ್ಕೆ ಏಳು ಬಣ್ಣದ ಬಟ್ಟೆ ಸುತ್ತಿದರು. ಚೆಂಡುಹೂವಿನ ಹಾರ, ಊದುಬತ್ತಿ, ಹೀರುಗೊಳವೆ ಹಾಕಿದ ಕೆಂಪು ಸೋಡಾ. ಭಿಕ್ಷುಗಳು ಮಂತ್ರ ಹೇಳಿ ನೀರು ಚಿಮುಕಿಸಿದರು, ಅರ್ಧ ನೀರು ಮರ್ವಿನ್ ಮೇಲೆ ಬಿತ್ತು.

"ಇದೇನಿದು?" ಅವನು ನನ್ನನ್ನು ಕೇಳಿದ.

"ನೀನು ಕೇಳಿದ್ದು."

ಹೇಳಿದೆ, 'ದಾರಿ' ಬಿಟ್ಟುಹೋದದ್ದನ್ನು. ಮೇಜಿನಲ್ಲಿ ಕೂತಿದ್ದ ಹೊರ್ಸ್ಟ್ ನಗುತ್ತಾ ಕುರ್ಚಿಯಿಂದ ಜಾರಿದ. ಮರ್ವಿನ್ ನಗಲಿಲ್ಲ. ಒಳಗೆ ಹೋಗಿ ಚಾ-ಅಮ್‌ನ ಕಾಗದ ತೆಗೆದುಕೊಂಡು ಬಂದು ನನ್ನ ಮುಂದೆಯೇ ಓದುತ್ತಾ ಕೂತ. ವ್ರತಕ್ಕೆ ಎಂಟು ದಿನ ಬಾಕಿ ಇತ್ತು. ನನಗೆ ಅಳು ಬಂತು, ಸಿಟ್ಟೂ ಬಂತು. ಗೊಂಬೆಯ ಮೇಲಲ್ಲ, ಸಭೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ನನ್ನ ಮೇಲೆ.

ಆದರೆ ಪರೀಕ್ಷಕ ಪರೀಕ್ಷಕನೇ. ನೋಡದೆ ಯಾರನ್ನೂ ಫೇಲ್ ಮಾಡುವವನಲ್ಲ. ಸೋಮವಾರ ಬೆಳಿಗ್ಗೆ ಐದೂವರೆಗೆ ನೋಟ್‌ಬುಕ್ಕು, ಸ್ಟಾಪ್‌ವಾಚು ಹಿಡಿದು ಹುಣಸೆ ಮರದ ಕೆಳಗೆ ಸ್ಟೂಲು ಹಾಕಿಕೊಂಡು ಕೂತ. ನಾನೂ ಪಕ್ಕದಲ್ಲಿ ನಿಂತೆ.

ಮೊದಲು ಕಬ್ಬಿನ ಲಾರಿಯೊಂದು ಬಂತು. ಬಣ್ಣದ ಬಟ್ಟೆ ಕಂಡಿತೋ, ಜೀಬ್ರಾ ಕಂಡಿತೋ, ಡ್ರೈವರ್ ಬ್ರೇಕು ಒತ್ತಿದ. ಪೀಂ ಪೀಂ ಪೀಂ ಎಂದು ಮೂರು ಸಲ ಹಾರ್ನ್ ಮಾಡಿದ. ಆಮೇಲೆ ಸ್ಟೇರಿಂಗ್‌ನಿಂದ ಎರಡೂ ಕೈ ತೆಗೆದು ಹಣೆಗೆ ಮುಟ್ಟಿಸಿ ಕೈಮುಗಿದ.

"ಎರಡೂ ಕೈ," ಎಂದ ಮರ್ವಿನ್. ಸ್ಟೂಲಿನಿಂದ ಎದ್ದೇ ನಿಂತ. "ರಂಪಾ, ಎರಡೂ ಕೈ ಬಿಟ್ಟ."

ಹಿಂದೆ ಬಂದ ಬಸ್ಸಿನವನೂ ಬಿಟ್ಟ. ಮೀನಿನ ಪಿಕಪ್ಪಿನವಳೂ ಬಿಟ್ಟಳು. ಬೈಕಿನ ನಾಲ್ವರಲ್ಲಿ ಮೂವರು ಕೈಮುಗಿದರು, ನಡೆಸುತ್ತಿದ್ದವನು ತಲೆ ಮಾತ್ರ ಬಾಗಿಸಿದ. ಅವನಿಗೆ ಮರ್ವಿನ್ ಸರಿ ಗುರುತು ಹಾಕಿದ. ಕೈ ಬಿಟ್ಟವರೆಲ್ಲ ನಿಧಾನ ಮಾಡಿಯೇ ಬಿಟ್ಟಿದ್ದರು. ಓಡಿಸುತ್ತಾ ಕೈ ಮುಗಿದರೆ ದೇವರಿಗೆ ಸರಿಯಾಗಿ ಕಾಣುವುದಿಲ್ಲವಲ್ಲ.

ಆರು ಗಂಟೆಗೆ ಅಮ್ಮ ಹೊಸ ಬುಟ್ಟಿ ಹಿಡಿದು ಬಂದಳು. ಎರಡೂ ಕಡೆ ವಾಹನಗಳು ತೆವಳುತ್ತಿದ್ದವು, ಹಾರ್ನುಗಳ ಮೇಲೆ ಹಾರ್ನು. ಅಮ್ಮ ಅದೆಲ್ಲ ತನಗೇ ಎಂದುಕೊಂಡು, ಡ್ರೈವರುಗಳಿಗೆ ಕೈಯೆತ್ತಿ ಆಶೀರ್ವಾದ ಮಾಡುತ್ತಾ, ಮದುವಣಗಿತ್ತಿಯ ಗತ್ತಿನಲ್ಲಿ ದಾಟಿದಳು. ಆಚೆ ಮುಟ್ಟಿ ತಿರುಗಿ ಕೂಗಿದಳು: "ಏನಯ್ಯಾ ಅಳಿಯ, ನಿನ್ನ ಪ್ರಾಣಿಗಳು ಪರವಾಗಿಲ್ಲ ಕಣಯ್ಯಾ."

ಮರ್ವಿನ್ ಏಳು ಬೆಳಿಗ್ಗೆ ಹಾಗೆಯೇ ಕೂತು ಬರೆದ. ನಾನು ಅಂಗಡಿಯಲ್ಲಿ ಯಾರ ಆರ್ಡರೂ ನೆನಪಿಟ್ಟುಕೊಳ್ಳದೆ ಅವನ ಮುಖವನ್ನೇ ನೋಡುತ್ತಿದ್ದೆ. ವ್ರತದ ಹಿಂದಿನ ದಿನ ಅವನು ಸ್ಟೂಲಿನಲ್ಲಿ ಇಲ್ಲದಾಗ ನೋಟ್‌ಬುಕ್ಕು ತೆಗೆದು ನೋಡಿದೆ. ಕೊನೆಯ ಪುಟದಲ್ಲಿ ಹೀಗಿತ್ತು: ವೇಗ, ಸರಿ. ಕಾರಣ, ತಪ್ಪು. ಅತ್ತೆ, ಏಳು ದಿನ, ಏಳು ಸಲ, ಕ್ಷೇಮ. ಪಾಸೋ ಫೇಲೋ ಬರೆಯುವ ಜಾಗದಲ್ಲಿ ಏನೂ ಬರೆದಿರಲಿಲ್ಲ.

ಆ ಬಣ್ಣದ ಕಾಗದ ಎಲ್ಲಿ ಎಂದು ಅವನನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಸೋಡಾ ಇಡಲು ಮರದ ಹತ್ತಿರ ಹೋದಾಗ ಸಿಕ್ಕಿತು. ಕಿವಿ ಮುರಿದ ಜೀಬ್ರಾದ ಒಂದು ಕಾಲು ಗಿಡ್ಡ, ಗಾಳಿಗೆ ಅಲುಗಾಡುತ್ತಿತ್ತು. ಚಾ-ಅಮ್‌ನ ಸಮುದ್ರ, ಗೋಡೆ, ರಸ್ತೆಯಿಲ್ಲದ ಮನೆಗಳು ಎಲ್ಲ ಎಂಟು ಮಡಿಕೆಯಾಗಿ ಆ ಗೊರಸಿನ ಕೆಳಗೆ ತೂರಿಕೊಂಡಿದ್ದವು. ನಾನು ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತುಬಿಟ್ಟೆ.

ಮರುದಿನ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಪಟ್ಟಣದ ವಿಹಾರಕ್ಕೆ ವ್ರತದ ಮೇಣದಬತ್ತಿ ಒಪ್ಪಿಸಲು ಹೊರಟೆವು. ಮರ್ವಿನ್ ಸೀಟ್‌ಬೆಲ್ಟು ಎರಡು ಸಲ ಎಳೆದು ನೋಡಿ, ನಾಲ್ಕು ಕಿಲೋಮೀಟರ್ ಆಚೆಯ ಯೂ-ಟರ್ನಿಗೆ ಹೋಗಿ, ತಿರುಗಿಸಿಕೊಂಡು ಬಂದ. ಹುಣಸೆ ಮರ ಹತ್ತಿರವಾಯಿತು. ಅವನು ನಿಧಾನ ಮಾಡಿದ. ಮೂರು ಸಲ ಹಾರ್ನ್ ಒತ್ತಿದ. ಆಮೇಲೆ ಎರಡೂ ಕೈ ಎತ್ತಿದ.

ನಾನು ಸ್ಟೇರಿಂಗ್ ಹಿಡಿದುಕೊಂಡೆ.

"ಫೇಲ್," ಎಂದೆ.

"ಗೊತ್ತು," ಎಂದ, ಮುಗಿದ ಕೈ ಇಳಿಸದೆ. "ಗಟ್ಟಿಯಾಗಿ ಹಿಡ್ಕೋ, ಇನ್ನೂ ಮುಗಿದಿಲ್ಲ."